ಲೆಕ್ಕ ಕೇಳುವವರು

ಕಾಸರಗೋಡಿನ ಉತ್ತರ ಭಾಗದ ಯಾವ ಊರಾದರೂ ಸರಿ, ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯೊಂದನ್ನು ಬಿಡಿಸಿ ನೋಡಿ. ದೇವರ ಹೆಸರು, ತಂತ್ರಿಗಳ ಹೆಸರು, ಮುಹೂರ್ತ, ವೈದಿಕ ಕಾರ್ಯಕ್ರಮಗಳ ವಿವರ ಮುಗಿದ ಮೇಲೆ ಸಮಿತಿಯ ಪಟ್ಟಿ ತೊಡಗುತ್ತದೆ. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಸಾಲು ಸಾಲು ಉಪಾಧ್ಯಕ್ಷರು, ಪ್ರಧಾನ ಕಾರ್ಯದರ್ಶಿ, ಜೊತೆ ಕಾರ್ಯದರ್ಶಿಗಳು, ಕೋಶಾಧಿಕಾರಿ. ಆಮೇಲೆ ಚಪ್ಪರಕ್ಕೊಂದು, ಅಡುಗೆಗೊಂದು, ಹೊರೆಕಾಣಿಕೆಗೊಂದು, ವಾಹನ ನಿಲುಗಡೆಗೊಂದು ಉಪಸಮಿತಿ. ಕೆಳಗೆ ಮಹಿಳಾ ಸಮಿತಿ, ಮುಂಬಯಿ ಸಮಿತಿ, ಕೊಲ್ಲಿ ರಾಷ್ಟ್ರಗಳ ಸಮಿತಿ. ಪಟ್ಟಿ ಓದಿ ಮುಗಿಸುವಷ್ಟರಲ್ಲಿ, ಹುದ್ದೆ ಸಿಗದೆ ಉಳಿದವರು ಊರಲ್ಲಿ ಯಾರಪ್ಪಾ ಎಂದು ಹುಡುಕಬೇಕಾಗುತ್ತದೆ.

ನಗುವುದಕ್ಕೆ ಹೇಳಿದ್ದಲ್ಲ. ಈ ಸಮಿತಿಗಳು ಮಾಡುವ ಕೆಲಸ ಸಣ್ಣದಲ್ಲ. ಪಾಳು ಬಿದ್ದ ಗುಡಿಗಳು ಶಿಲಾಮಯವಾಗಿ ಎದ್ದು ನಿಂತದ್ದು ಇಂಥ ಸಮಿತಿಗಳಿಂದಲೇ. ದಿನಕ್ಕೆ ಸಾವಿರಾರು ಜನ ಬಂದರೂ ಒಬ್ಬರೂ ಹಸಿದು ಹೋಗುವುದಿಲ್ಲ. ರಾತ್ರಿಯಿಡೀ ಕೂತು ತರಕಾರಿ ಹೆಚ್ಚುವವರಿಗೆ ಸಂಬಳವಿಲ್ಲ, ಸರಕಾರದ ಆದೇಶವೂ ಇಲ್ಲ. ಭಜನಾ ಮಂದಿರ, ಯಕ್ಷಗಾನ ಕಲಾ ಸಂಘ, ಯುವಕ ಮಂಡಲ, ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್, ಗ್ರಂಥಾಲಯ, ಮಸೀದಿಯ ಜಮಾಅತ್, ಕುಟುಂಬಶ್ರೀ ಕೂಟ ಎಲ್ಲವನ್ನೂ ಸೇರಿಸಿದರೆ, ಒಂದಾದರೂ ಸಂಘದ ಸದಸ್ಯತ್ವ ಇಲ್ಲದ ಮನೆ ನಮ್ಮಲ್ಲಿ ಅಪರೂಪ. ಊರ ಹತ್ತು ಸಮಸ್ತರು ಸೇರಿದರೆ ಆಗದ್ದಿಲ್ಲ ಎನ್ನುವ ಮಾತು ಇಲ್ಲಿ ಬರಿಯ ಭಾಷಣವಲ್ಲ, ಕಣ್ಣಾರೆ ಕಂಡದ್ದು.

ಆದರೆ ಕಟ್ಟುವ ಜಾಣ್ಮೆ ಬೇರೆ, ಕಟ್ಟಿದ್ದನ್ನು ನಡೆಸುವ ಜಾಣ್ಮೆ ಬೇರೆ. ಮೊದಲನೆಯದಕ್ಕೆ ಉತ್ಸಾಹ ಸಾಕು. ಎರಡನೆಯದಕ್ಕೆ ಬೇಕಾದದ್ದು ಉತ್ಸಾಹ ಇಳಿದ ಮೇಲೂ ಉಳಿಯುವಂಥದ್ದು.

ಅದು ಉಂಟೋ ಇಲ್ಲವೋ ತಿಳಿಯಲು ವಾರ್ಷಿಕ ಮಹಾಸಭೆಗೆ ಹೋಗಬೇಕು. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಎಂದು ನೋಟೀಸು. ಕೋರಂ ಆಗುವಾಗ ನಾಲ್ಕು. ಪ್ರಾರ್ಥನೆ, ಸ್ವಾಗತ, ಅಗಲಿದವರಿಗೆ ಶ್ರದ್ಧಾಂಜಲಿ. ಕಾರ್ಯದರ್ಶಿ ವರದಿ ಓದುತ್ತಾರೆ, ಅದರಲ್ಲಿ ಯಾರ್ಯಾರಿಗೆ ಶಾಲು ಹೊದೆಸಿದೆವೆಂಬುದು ಒಂದೂ ಬಿಡದೆ ಬರುತ್ತದೆ. ಬಳಿಕ ಕೋಶಾಧಿಕಾರಿ ಎದ್ದು ಜಮಾ ಖರ್ಚನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಾರೆ. ಧ್ವನಿವರ್ಧಕಕ್ಕೆ ಇಷ್ಟು, ಊಟೋಪಚಾರಕ್ಕೆ ಇಷ್ಟು, ಇತರ ಖರ್ಚು ಇಷ್ಟು, ಕೈಯಲ್ಲಿ ಶೇಷ ಇಷ್ಟು. ‘ಅಂಗೀಕರಿಸಬಹುದಲ್ಲ?’ ಎಂದು ಅಧ್ಯಕ್ಷರು ಕೇಳುತ್ತಾರೆ. ಹಿಂದಿನ ಬೆಂಚಿನಿಂದ ತುಳುವಿನಲ್ಲಿ ‘ಆವು, ಆವು’ ಎಂಬ ಉತ್ತರ. ಆ ಹೊತ್ತಿಗೆ ಚಾಯ ತಯಾರಾಗಿರುತ್ತದೆ.

ಈಗ ಒಬ್ಬ ಎದ್ದು ನಿಂತ ಎಂದುಕೊಳ್ಳಿ. ‘ಅಣ್ಣಾ, ಇತರ ಖರ್ಚು ಅಂದರೆ ಯಾವುದೆಲ್ಲ?’ ಅಷ್ಟೇ ಕೇಳಿದ್ದು. ಸಭೆಯ ಗಾಳಿಯೇ ಬದಲಾಗಿಬಿಡುತ್ತದೆ. ಕೋಶಾಧಿಕಾರಿಯ ಮುಖ ಕೆಂಪಾಗುತ್ತದೆ. ಅಧ್ಯಕ್ಷರು ‘ಹತ್ತು ವರ್ಷದಿಂದ ಮನೆ ಮಠ ಬಿಟ್ಟು ದುಡಿದಿದ್ದೇವೆ, ನಮ್ಮ ಮೇಲೆ ನಂಬಿಕೆ ಇಲ್ಲದಿದ್ದರೆ ಈಗಲೇ ಬಿಡುತ್ತೇವೆ’ ಎನ್ನುತ್ತಾರೆ. ಹಿರಿಯರೊಬ್ಬರು ಸಮಾಧಾನ ಹೇಳಿ ಕೂರಿಸುತ್ತಾರೆ. ಪ್ರಶ್ನೆ ಕೇಳಿದವನಿಗೆ ಉತ್ತರ ಸಿಗುವುದಿಲ್ಲ, ಬದಲಿಗೆ ಒಂದು ಹೆಸರು ಸಿಗುತ್ತದೆ: ತಕರಾರಿನವ. ಮುಂದಿನ ವರ್ಷ ಅವನು ಸಭೆಗೆ ಬರುವುದಿಲ್ಲ. ಬಂದರೂ ಮಾತಾಡುವುದಿಲ್ಲ.

ನಮ್ಮಲ್ಲಿ ಲೆಕ್ಕ ಕೇಳುವುದೆಂದರೆ ನಂಬಿಕೆ ಇಲ್ಲವೆಂದು ಸಾರಿದ ಹಾಗೆ. ಈ ಒಂದು ಎಣಿಕೆ ನಮ್ಮ ಸಂಘ ಸಂಸ್ಥೆಗಳನ್ನು ಕೆಡಿಸಿದಷ್ಟು ಕಳ್ಳತನವೂ ಕೆಡಿಸಿಲ್ಲ ಎಂದು ನನ್ನ ಅಂದಾಜು. ಏಕೆಂದರೆ ಹೆಚ್ಚಿನ ಕಡೆ ಕಳ್ಳತನ ಇರುವುದೇ ಇಲ್ಲ. ಇರುವುದು ಅಚ್ಚುಕಟ್ಟಿಲ್ಲದ ಪ್ರಾಮಾಣಿಕತೆ. ಕೈಯಿಂದ ಹಣ ಹಾಕಿ ಕೆಲಸ ನಡೆಸಿದ ಕೋಶಾಧಿಕಾರಿ ಚೀಟಿಗಳನ್ನು ಎಲ್ಲೋ ಕಳೆದುಕೊಂಡಿರುತ್ತಾರೆ. ಯಾರೂ ಕೇಳದ್ದರಿಂದ ಅದು ಹಾಗೇ ಮುಂದುವರಿಯುತ್ತದೆ. ಎಂಟು ವರ್ಷವಾದ ಮೇಲೆ ಊರಲ್ಲಿ ಎರಡು ಪಂಗಡವಾದಾಗ ಅದೇ ಚೀಟಿಗಳು ಬೇಕಾಗುತ್ತವೆ, ಅದೇ ಮನುಷ್ಯ ಕಳ್ಳನೆನಿಸಿಕೊಳ್ಳುತ್ತಾನೆ. ಮೊದಲ ವರ್ಷವೇ ನಾಲ್ಕು ಜನ ನಾಲ್ಕು ಪ್ರಶ್ನೆ ಕೇಳಿದ್ದರೆ ಅವನ ಮಾನ ಉಳಿಯುತ್ತಿತ್ತು. ಪ್ರಶ್ನೆ ಇರುವುದು ಪ್ರಾಮಾಣಿಕನ ರಕ್ಷಣೆಗೆ. ಇದನ್ನು ಅಧ್ಯಕ್ಷರುಗಳಿಗಿಂತ ಮೊದಲು ಕೋಶಾಧಿಕಾರಿಗಳು ತಿಳಿಯಬೇಕು.

ಇನ್ನೊಂದು ವಿಚಿತ್ರವಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡು ನಮ್ಮದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ ಹುಟ್ಟಿದ ನಾಡು. ತಾಳಮದ್ದಳೆಯಲ್ಲಿ ವಾಲಿ ರಾಮನನ್ನು ಎದೆಗೆ ಕೈಯಿಟ್ಟು ಪ್ರಶ್ನಿಸುತ್ತಾನೆ, ಕರ್ಣ ಕೃಷ್ಣನನ್ನು ಪ್ರಶ್ನಿಸುತ್ತಾನೆ. ದೇವರನ್ನೇ ಕಟಕಟೆಗೆ ತಂದು ನಿಲ್ಲಿಸಿದ ಮಾತಿಗೆ ನಾವು ಬೆಳಗಿನ ತನಕ ತಲೆದೂಗುತ್ತೇವೆ. ಅದೇ ಕಲಾ ಸಂಘದ ಮಹಾಸಭೆಯಲ್ಲಿ ಬ್ಯಾನರಿನ ಖರ್ಚು ಯಾಕೆ ಹೆಚ್ಚಾಯಿತು ಎಂದು ಕೇಳುವ ಹಾಗಿಲ್ಲ.

ಇಟಲಿಯಲ್ಲಿ 1970ರಲ್ಲಿ ಹೊಸದಾಗಿ ಪ್ರಾಂತೀಯ ಸರಕಾರಗಳು ಬಂದಾಗ ರಾಬರ್ಟ್ ಪುಟ್ನಮ್ ಎಂಬ ಅಮೆರಿಕದ ವಿದ್ವಾಂಸ ತನ್ನ ಜೊತೆಗಾರರೊಡನೆ ಇಪ್ಪತ್ತು ವರ್ಷ ಅವುಗಳ ಬೆನ್ನು ಹತ್ತಿದ. ಒಂದೇ ಕಾನೂನು, ಒಂದೇ ರಚನೆ; ಆದರೂ ಕೆಲವು ಪ್ರಾಂತಗಳಲ್ಲಿ ಆಡಳಿತ ಚೆನ್ನಾಗಿತ್ತು, ಕೆಲವು ಕಡೆ ಕೆಟ್ಟಿತ್ತು. ಕಾರಣ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಹಾಡುಗಾರರ ಸಂಘಗಳು, ಫುಟ್‌ಬಾಲ್ ಕ್ಲಬ್ಬುಗಳು. ಇಂಥ ಸಂಘಗಳು ಹೆಚ್ಚಿದ್ದಲ್ಲಿ ಸರಕಾರವೂ ಚೆನ್ನಾಗಿ ನಡೆಯುತ್ತಿತ್ತು ಎಂದು 1993ರಲ್ಲಿ ಪುಸ್ತಕ ಬರೆದ. ಭಜನಾ ಮಂಡಳಿ ಇದ್ದಲ್ಲಿ ಪಂಚಾಯತೂ ನೆಟ್ಟಗಿರುತ್ತದೆ ಎಂದು ನಮ್ಮ ಮಟ್ಟಿಗೆ ಹೇಳಿಕೊಂಡರೆ ಸಂತೋಷವೇ. ಆದರೆ ಪುಟ್ನಮ್ ಇನ್ನೂ ಒಂದು ಮಾತು ಸೇರಿಸಿದ್ದ. ಸದಸ್ಯರು ಸಮಾನರಾಗಿ ಕೂರುವ ಸಂಘಗಳಿಂದ ಮಾತ್ರ ಈ ಫಲ. ಒಬ್ಬ ಮೇಲೆ ಕೂತು ಉಳಿದವರು ಕೈಮುಗಿಯುವಂಥವುಗಳಿಂದ ಅಲ್ಲ. ನಮ್ಮ ಸಂಘಗಳು ಎಷ್ಟು ಎಂದು ಎಣಿಸಿ ಪ್ರಯೋಜನವಿಲ್ಲ, ಅಲ್ಲಿ ಕೂರುವ ಬಗೆ ಹೇಗೆ ಎಂದು ನೋಡಬೇಕು.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ಅದೂ ಹಳೆಯ ಕಾನೂನು. ತಿರುವನಂತಪುರದ ಕಡೆ ಸಂಘ ನೋಂದಾಯಿಸುವವರಿಗೆ 1955ರ ತಿರುವಾಂಕೂರು–ಕೊಚ್ಚಿ ಕಾಯ್ದೆ. ಮದ್ರಾಸಿನಿಂದ ಕೇರಳಕ್ಕೆ ಬಂದ ಮಲಬಾರಿಗೂ ಕಾಸರಗೋಡಿಗೂ ಇವತ್ತಿಗೂ 1860ರ ಸಂಘಗಳ ನೋಂದಣಿ ಕಾಯ್ದೆ. 1956ರ ನವೆಂಬರ್ 1ರಂದು ನಾವು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳ ಸೇರಿದೆವು, ಈ ಕಾಯ್ದೆಯೂ ನಮ್ಮ ಜೊತೆ ಗಂಟುಮೂಟೆ ಕಟ್ಟಿಕೊಂಡು ಬಂತು. ಬ್ರಿಟಿಷರು ಮಾಡಿದ ಕಾಯ್ದೆ, ಇಪ್ಪತ್ತೇ ಕಲಂ. ಒಂದು ಸಂಜೆ ಕೂತು ಓದಿ ಮುಗಿಸಬಹುದು. ಏಳು ಜನ ಸೇರಿದರೆ ಸಂಘ. ವರ್ಷಕ್ಕೊಮ್ಮೆ ಮಹಾಸಭೆಯಾದ ಹದಿನಾಲ್ಕು ದಿನದೊಳಗೆ ಆಡಳಿತ ಸಮಿತಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಒಪ್ಪಿಸಬೇಕು. ಸಂಘ ಮುಚ್ಚಿದರೆ ಉಳಿದ ಆಸ್ತಿಯಲ್ಲಿ ಒಂದು ಪೈಸೆಯೂ ಸದಸ್ಯರಿಗಿಲ್ಲ, ಇನ್ನೊಂದು ಸಂಘಕ್ಕೆ ಹೋಗಬೇಕು.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು 12ನೇ ಕಲಂ. ಸಂಘದ ಉದ್ದೇಶವನ್ನೇ ಬದಲಿಸಬೇಕಾದರೆ ಹತ್ತು ದಿನ ಮೊದಲು ಎಲ್ಲ ಸದಸ್ಯರಿಗೆ ಬರೆದು ತಿಳಿಸಬೇಕು, ವಿಶೇಷ ಸಭೆ ಕರೆಯಬೇಕು, ಐದರಲ್ಲಿ ಮೂರು ಪಾಲು ಮತ ಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಸಭೆ ಸೇರಿ, ಮತ್ತೆ ಅಷ್ಟೇ ಮತದಿಂದ ಅದನ್ನು ಖಾಯಂ ಮಾಡಬೇಕು. ಮೊದಲ ಸಭೆಯ ಬಿಸಿಯಲ್ಲಿ ಕೈ ಎತ್ತಿದವನು ಮನೆಗೆ ಹೋಗಿ, ಹೆಂಡತಿ ಮಕ್ಕಳ ಹತ್ತಿರ ಮಾತಾಡಿ, ತೋಟಕ್ಕೆ ನೀರು ಬಿಡುತ್ತಾ ಯೋಚಿಸಿ, ಮನಸ್ಸು ಬದಲಿಸುವುದಿದ್ದರೆ ಬದಲಿಸಲಿ ಎಂದು ಆ ಒಂದು ತಿಂಗಳು. ಅಬ್ಬರದ ಅಧ್ಯಕ್ಷನ ಮುಂದೆ ಸಾಮಾನ್ಯ ಸದಸ್ಯನಿಗೆ ಕಾನೂನು ಕೊಟ್ಟ ಕಾಲಾವಕಾಶ ಅದು. ನಮ್ಮ ಎಷ್ಟು ಸಂಘಗಳ ಬೈಲಾದಲ್ಲಿ ಏನಿದೆ ಎಂದು ಅವುಗಳ ಅಧ್ಯಕ್ಷರಿಗೇ ಗೊತ್ತಿದೆ, ಆ ಮಾತು ಬೇರೆ.

ಕಾಗದದ ಕ್ರಮವೆಲ್ಲ ಸರಿಯಿದ್ದರೆ ಸಾಕೇ? ಸಾಲದು. ಅದಕ್ಕೆ ನಮ್ಮ ಜಿಲ್ಲೆಗಿಂತ ಕಠೋರ ಸಾಕ್ಷಿ ಬೇರೆಲ್ಲೂ ಸಿಗಲಿಕ್ಕಿಲ್ಲ.

ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ ಸರಕಾರದ್ದೇ ಸಂಸ್ಥೆ. ಅದಕ್ಕೆ ನಿರ್ದೇಶಕ ಮಂಡಳಿಯಿದೆ, ವರದಿಯಿದೆ, ಲೆಕ್ಕ ಪರಿಶೋಧನೆಯಿದೆ. ಅದರ ಗೇರು ತೋಟಗಳು ಎಣ್ಮಕಜೆಯಿಂದ ಚೀಮೇನಿಯ ತನಕ ಗುಡ್ಡಗಳ ನೆತ್ತಿಯ ಮೇಲೆ ಹಬ್ಬಿದ್ದವು. ಟೀ ಸೊಳ್ಳೆಯ ಕಾಟಕ್ಕೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ತೋಟ ನೆತ್ತಿಯಲ್ಲಿ, ಮನೆಗಳು ಬುಡದಲ್ಲಿ. ಕುಡಿಯುವ ನೀರು ಗುಡ್ಡದೊಳಗಿನ ಸುರಂಗದಿಂದ, ತೋಡಿನಿಂದ, ತೆರೆದ ಬಾವಿಯಿಂದ. ಸಿಂಪಡಣೆಯ ದಿನ ಬಾವಿ ಮುಚ್ಚಿಕೊಳ್ಳಿ ಎಂದರೆ ತೋಡನ್ನು ಯಾವುದರಿಂದ ಮುಚ್ಚುವುದು? ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ಕೆಲಸ ನಡೆಯಿತು. ಅಷ್ಟು ವರ್ಷಗಳಲ್ಲಿ ಅದೆಷ್ಟು ಮಂಡಳಿ ಸಭೆಗಳಾಗಿರಬಹುದು, ಅದೆಷ್ಟು ಠರಾವುಗಳಾಗಿರಬಹುದು. ಗುಡ್ಡದ ಬುಡದ ಮನೆಯವರಿಗೆ ಆ ಸಭೆಯಲ್ಲಿ ಕುರ್ಚಿ ಇರಲಿಲ್ಲ. ಆಡಳಿತವೆಂಬುದು ಒಳಗಿನವರು ಒಳಗಿನವರಿಗೆ ಕೊಡುವ ಲೆಕ್ಕವಾಗಿಬಿಟ್ಟರೆ ಹೊರಗೆ ಏನಾಗುತ್ತದೆ ಎಂದು ನೋಡಲು ಪಡ್ರೆಗೆ, ಸ್ವರ್ಗ ಎಂಬ ಊರಿಗೆ, ಬೆಳ್ಳೂರಿಗೆ, ಮುಳಿಯಾರಿಗೆ ಹೋದರಾಯಿತು.

ಪ್ರಶ್ನೆ ಕೇಳಿದವರು ಯಾರು? ಯಾವ ಸಮಿತಿಯ ಹುದ್ದೆಯೂ ಇಲ್ಲದವರು. ಪಡ್ರೆಯ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ ಊನವಾಗಿ ಹುಟ್ಟಿದ ಕರುಗಳನ್ನು ಕಂಡು ಬಹಳ ಮೊದಲೇ ಬರೆದರು. ಪಕ್ಕದ ವಾಣಿನಗರದಲ್ಲಿ ಚಿಕಿತ್ಸಾಲಯ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ್ ಕುಮಾರ್, ಒಂದೇ ಬೈಲಿನ ಮನೆಗಳಿಂದ ಇಷ್ಟೊಂದು ಬುದ್ಧಿಮಾಂದ್ಯ, ಇಷ್ಟೊಂದು ಅಪಸ್ಮಾರ, ಇಷ್ಟೊಂದು ಕ್ಯಾನ್ಸರ್ ಯಾಕೆ ಬರುತ್ತಿದೆ ಎಂದು ತಲೆ ಕೆಡಿಸಿಕೊಂಡು ಮನೆ ಮನೆಯ ರೋಗವನ್ನು ಗುರುತು ಹಾಕಿಕೊಳ್ಳತೊಡಗಿದರು. ಜಿಲ್ಲೆಯ ದಕ್ಷಿಣದಲ್ಲಿ, ಮಲಯಾಳ ಮಾತಾಡುವ ಪೆರಿಯದಲ್ಲಿ, ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸರಕಾರದ ಸಂಬಳ ತೆಗೆದುಕೊಳ್ಳುವ ಹೆಣ್ಣುಮಗಳು ಸರಕಾರದ ಸಂಸ್ಥೆಯ ಮೇಲೆ ದಾವೆ ಹೂಡುವುದೆಂದರೆ ಸಣ್ಣ ಧೈರ್ಯವಲ್ಲ. 2000ದಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯ ಸಿಂಪಡಣೆಗೆ ತಡೆ ಕೊಟ್ಟಿತು.

ಇವರಲ್ಲಿ ಯಾರೂ ಮೊದಲು ಸಮಿತಿ ಮಾಡಿ ಆಮೇಲೆ ಕೆಲಸಕ್ಕೆ ಇಳಿದವರಲ್ಲ. ಕೆಲಸ ಮೊದಲು ಬಂತು, ಸಮಿತಿಗಳು ಅದರ ಹಿಂದೆ ಬಂದವು. ಕನ್ನಡದ ಪಡ್ರೆಗೂ ಮಲಯಾಳದ ಪೆರಿಯಕ್ಕೂ ನಡುವೆ ಭಾಷೆಯ ಗೋಡೆ ಏಳಲಿಲ್ಲ. ಭಾಷೆಯ ಹೆಸರಿನಲ್ಲಿ ಅರ್ಧ ಶತಮಾನ ಎದುರುಬದುರು ನಿಂತ ಜಿಲ್ಲೆಯಲ್ಲಿ ಇದು ನಡೆಯಿತು ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ಬಳಿಕ ಸಂತ್ರಸ್ತರ ತಾಯಂದಿರೇ ಸಂಘಟಿತರಾದರು. ಎದ್ದು ಕೂರಲಾರದ ಮಕ್ಕಳನ್ನು ಎತ್ತಿಕೊಂಡು, ರಾತ್ರಿಯಿಡೀ ರೈಲಿನಲ್ಲಿ ಹೋಗಿ, 2019ರಲ್ಲಿ ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಕೂತರು. ಅದಕ್ಕೂ ಮೊದಲೇ, 2011ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಗೂ ಮಾರಾಟಕ್ಕೂ ಬಳಕೆಗೂ ತಡೆ ಹಾಕಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೂ ಅದು ಸೇರಿತು. ಒಂದು ಸಣ್ಣ ಊರಿನ ಪ್ರಶ್ನೆ ಜಗತ್ತಿನ ಮೇಜಿಗೆ ಹೋಗಿ ಮುಟ್ಟಿದ್ದು ಹೀಗೆ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಚೆನ್ನಾಗಿಯೇ ಕೇಳಿಸುತ್ತದೆ. ನನ್ನನ್ನು ಕಾಡುವುದು ಮುಂದಿನ ಲೆಕ್ಕ. 2017ರ ಜನವರಿ 10ರಂದು ಸುಪ್ರೀಂ ಕೋರ್ಟು, ಪ್ರತಿಯೊಬ್ಬ ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಹೇಳಿತು. ಐದು ವರ್ಷ ಕಳೆದು, 2022ರ ಮೇ ತಿಂಗಳಲ್ಲಿ ನ್ಯಾಯಾಲಯ ತಿರುಗಿ ನೋಡಿದಾಗ, ಪಟ್ಟಿಯಲ್ಲಿದ್ದ 3,704 ಮಂದಿಯಲ್ಲಿ ಹಣ ಮುಟ್ಟಿದ್ದು 8 ಮಂದಿಗೆ. ಆ ಎಂಟು ಜನ ಯಾರೆಂದರೆ, ಆದೇಶ ಪಾಲಿಸಲಿಲ್ಲವೆಂದು ನ್ಯಾಯಾಂಗ ನಿಂದನೆಯ ಅರ್ಜಿ ಹಿಡಿದು ದಿಲ್ಲಿಯ ತನಕ ಹೋದವರು. ಬಾಗಿಲು ಬಡಿದವರಿಗೆ ಸಿಕ್ಕಿತು, ಬಡಿಯಲಾರದವರು ಕಾದರು. ನ್ಯಾಯಾಲಯ ಛೀಮಾರಿ ಹಾಕಿದ ಮೇಲೆಯೇ ಉಳಿದವರಿಗೆ ಹಂಚುವ ಕೆಲಸ ಚುರುಕಾದದ್ದು.

ಸಂಘ ಏಕೆ ಬೇಕು ಎಂಬುದಕ್ಕೆ ಈ ಎರಡು ಅಂಕಿಗಳಿಗಿಂತ ದೊಡ್ಡ ಉತ್ತರ ನನಗೆ ಬೇರೆ ಕಂಡಿಲ್ಲ. ಬಲವಿದ್ದವನು ತನ್ನ ಪಾಲನ್ನು ಹೇಗಾದರೂ ತೆಗೆದುಕೊಳ್ಳುತ್ತಾನೆ, ಅವನಿಗೆ ಸಂಘ ಬೇಕಾಗಿಲ್ಲ. ಆ ಉಳಿದ 3,696 ಮಂದಿಗಾಗಿ ಸಂಘ ಬೇಕು. ಈ ಅಳತೆಯನ್ನು ನಮ್ಮೂರಿನ ಸಂಘಕ್ಕೂ ಹಿಡಿದು ನೋಡಬಹುದು. ವಿದ್ಯಾರ್ಥಿವೇತನ ಯಾರ ಮಕ್ಕಳಿಗೆ ಹೋಯಿತು? ವೈದ್ಯಕೀಯ ನೆರವಿನ ಅರ್ಜಿ ಇದೆಯೆಂದು ಕೊರಗರ ಕಾಲೊನಿಯಲ್ಲಿ ಯಾರಿಗಾದರೂ ಗೊತ್ತಿತ್ತೇ? ಅಧ್ಯಕ್ಷರ ಮೊಬೈಲ್ ನಂಬರ್ ಇದ್ದವರಿಗೆ ಮಾತ್ರ ಸಿಗುವ ಸಹಾಯ, ಅರ್ಜಿ ಹಿಡಿದು ಹೋದ ಎಂಟು ಜನರಿಗೆ ಮಾತ್ರ ಸಿಕ್ಕಿದ ಪರಿಹಾರದ ಜಾತಿಯದೇ. ನಾವು ಸರಕಾರವನ್ನು ಬಯ್ಯುತ್ತೇವೆ. ಸರಕಾರದ ಚಾಳಿ ನಮ್ಮ ಸಂಘದ ಕಚೇರಿಯಲ್ಲಿಯೂ ಇದೆ.

ಕನ್ನಡದ ಸಂಘಟನೆಗಳ ಬಗ್ಗೆಯೂ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಎದುರು ನಿಲ್ಲಲು ಒಬ್ಬರೂ ಇರಲಿಲ್ಲ. ಆಮೇಲೆ ಕಳ್ಳಿಗೆ ಮಹಾಬಲ ಭಂಡಾರಿಯವರು, ಯು.ಪಿ. ಕುಣಿಕುಳ್ಳಾಯರು ಕಾಸರಗೋಡು ಮೈಸೂರಿಗೆ ಸೇರಬೇಕೆಂಬ ಇದೇ ಅಲೆಯ ಮೇಲೆ ಶಾಸಕರಾದರು. 1967ರಲ್ಲಿ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದಿತು. ಆ ವರದಿ ಕಪಾಟು ಸೇರಿತು. 1970ರ ದಶಕದ ಬಳಿಕ ಗಡಿಯ ಪ್ರಶ್ನೆಯೊಂದನ್ನೇ ಹಿಡಿದು ಇಲ್ಲಿಂದ ವಿಧಾನಸಭೆಗೆ ಹೋದವರಿಲ್ಲ. ಸೋತದ್ದಕ್ಕೆ ದಿಲ್ಲಿ, ತಿರುವನಂತಪುರಗಳು ಕಾರಣ ಎಂದು ಹೇಳುವುದು ಸುಲಭ, ಅದರಲ್ಲಿ ಸುಳ್ಳೂ ಇಲ್ಲ. ಆದರೆ ಅಂಥ ದೊಡ್ಡ ಮನುಷ್ಯರ ಸುತ್ತ ಬೆಳೆದ ಹೋರಾಟ ಅವರ ಬೆನ್ನಿಗೆ ಎರಡನೆಯ ಸಾಲನ್ನು ಬೆಳೆಸಲಿಲ್ಲ ಎಂಬುದೂ ನಿಜ. ಆಲದ ಮರದ ಕೆಳಗೆ ಏನೂ ಬೆಳೆಯುವುದಿಲ್ಲ, ನೆರಳಿಗೆ ಮಾತ್ರ ಕೊರತೆಯಿಲ್ಲ.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡಿಗರಿಗೂ ತಮಿಳರಿಗೂ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕಿದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಕಾಸರಗೋಡಿನಲ್ಲಿ ಜನ ಬೀದಿಗಿಳಿದರು, ಪಕ್ಷಭೇದ ಮರೆತರು. ಬೀದಿಗಿಳಿಯಬೇಕಾದಾಗ ಇಳಿಯಲೇಬೇಕು. ಆದರೆ ಬೀದಿಗಿಳಿಯದ ಮುನ್ನೂರು ದಿನಗಳಲ್ಲಿ ಆ ಹಕ್ಕು ಉಳಿಯುವುದು ಯಾರಿಂದ? ಕನ್ನಡದಲ್ಲಿ ಅರ್ಜಿ ಬರೆದು, ಸ್ವೀಕೃತಿ ಚೀಟಿ ತೆಗೆದುಕೊಂಡು, ಉತ್ತರ ಬಾರದಿದ್ದರೆ ನೆನಪಿನ ಪತ್ರ ಹಾಕಿ, ಅದರ ಪ್ರತಿಯನ್ನು ಕಡತದಲ್ಲಿ ಇಡುವವನಿಂದ. ಅವನಿಗೆ ಮೈಕು ಸಿಗುವುದಿಲ್ಲ, ಶಾಲು ಹೊದೆಸುವವರಿಲ್ಲ. ಹತ್ತು ಮಂದಿ ಭಾಷಣಕಾರರಿಗಿಂತ ಇಂಥ ಒಬ್ಬ ಕಾರ್ಯದರ್ಶಿ ಇರುವ ಸಂಘ ಭಾಷೆಗೆ ಹೆಚ್ಚು ಮಾಡುತ್ತದೆ. ಕಯ್ಯಾರ ಕಿಞ್ಞಣ್ಣ ರೈಗಳನ್ನು ನಾವು ಕವಿಯೆಂದು, ಹೋರಾಟಗಾರರೆಂದು ನೆನೆಯುತ್ತೇವೆ. ಅವರು ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು ಎಂಬುದನ್ನು ಸನ್ಮಾನ ಪತ್ರಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಾಡಿನ ಬಗ್ಗೆ ಪದ್ಯ ಬರೆದ ಕೈ ರಸ್ತೆಯ, ನೀರಿನ, ಶಾಲೆಯ ಕಡತಗಳಿಗೂ ಸಹಿ ಹಾಕಿತು. ನಾಡಿನ ಮೇಲಿನ ಪ್ರೀತಿ ಎಂದು ಎರಡನ್ನೂ ಸೇರಿಸಿಯೇ ಕರೆಯಬೇಕು.

ನಮ್ಮ ನಡುವೆಯೇ ಒಳ್ಳೆಯ ಮಾದರಿಗಳಿಲ್ಲವೆಂದಲ್ಲ. ಕೇರಳದ ಗ್ರಂಥಾಲಯಗಳನ್ನು ನೋಡಿ. ಪಿ.ಎನ್. ಪಣಿಕ್ಕರ್ 1945ರಲ್ಲಿ ಕಟ್ಟಿದ ಗ್ರಂಥಶಾಲಾ ಚಳವಳಿ ಇಂದು ಲೈಬ್ರರಿ ಕೌನ್ಸಿಲ್ ಆಗಿದೆ. ಊರಿನ ಗ್ರಂಥಾಲಯ, ತಾಲೂಕು, ಜಿಲ್ಲೆ, ರಾಜ್ಯ ಎಂದು ಕೆಳಗಿನಿಂದ ಮೇಲಿನ ತನಕ ಚುನಾವಣೆ. ಪರಿಶೀಲನೆಯಾಗಿ ಗ್ರೇಡ್ ಸಿಗುತ್ತದೆ, ಗ್ರೇಡಿಗೆ ತಕ್ಕ ಅನುದಾನ. ಪುಸ್ತಕ ಹಂಚಿದ ಲೆಕ್ಕ ಬರೆಯದ ಗ್ರಂಥಾಲಯ ಹಿಂದೆ ಬೀಳುತ್ತದೆ. ಅಲ್ಲಿಯೂ ಪಕ್ಷ ರಾಜಕೀಯ ನುಗ್ಗಿದೆ, ಅದು ಎಲ್ಲರಿಗೂ ಗೊತ್ತಿರುವುದೇ. ಕುಟುಂಬಶ್ರೀಯ ಕೂಟದಲ್ಲಿ ಹತ್ತಿಪ್ಪತ್ತು ಮಂದಿ ನೆರೆಕರೆಯ ಹೆಂಗಸರು ವಾರಕ್ಕೊಮ್ಮೆ ಒಬ್ಬರ ಜಗಲಿಯಲ್ಲಿ ಸೇರುತ್ತಾರೆ. ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರಿಗೆ ಎಷ್ಟು ಸಾಲ ಹೋಯಿತು ಎಂದು ಎಲ್ಲರ ಎದುರು ಪುಸ್ತಕದಲ್ಲಿ ಬರೆಯುತ್ತಾರೆ. ಅಲ್ಲಿ ‘ಇತರ ಖರ್ಚು’ ಎಂದು ಹೇಳಿ ದಾಟಿಕೊಳ್ಳಲಾಗದು. ಹತ್ತು ರೂಪಾಯಿ ಕಡಿಮೆ ಬಂದರೂ ಕೇಳುತ್ತಾರೆ, ಕೇಳಿದ್ದಕ್ಕೆ ಯಾರೂ ಮುನಿಯುವುದಿಲ್ಲ. ಆ ಹೆಂಗಸರೇ ಗ್ರಾಮಸಭೆಗೆ ಹೋದಾಗ ಫಲಾನುಭವಿಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿ ಎನ್ನುತ್ತಾರೆ. ಬೆಳ್ಳಗಿನ ಪಂಚೆಯ ನಾವು ಹಿಂದಿನ ಸಾಲಿನಲ್ಲಿ ನಿಂತು ಮೊಬೈಲ್ ನೋಡುತ್ತಿರುತ್ತೇವೆ.

ಲೆಕ್ಕ ಕೇಳುವವರಲ್ಲಿಯೂ ಎರಡು ಜಾತಿಯಿದೆ ಎಂದು ಒಪ್ಪುತ್ತೇನೆ. ಹುದ್ದೆ ತಪ್ಪಿದ ಮರುದಿನದಿಂದ ಮಾತ್ರ ಲೆಕ್ಕದ ಮೇಲೆ ಭಕ್ತಿ ಹುಟ್ಟುವವರಿದ್ದಾರೆ. ಚಪ್ಪರಕ್ಕೆ ಒಂದು ಕಂಬ ಹೊತ್ತವರಲ್ಲ, ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಅವರ ಆವೇಶ. ಇಂಥವರಿಂದ ಬೇಸತ್ತು ಒಳ್ಳೆಯವರು ಸಂಘವನ್ನೇ ಬಿಟ್ಟದ್ದುಂಟು. ಹಾಗೆಂದು, ಪ್ರಶ್ನೆಯೇ ಬಾರದಂತೆ ಮಾಡಿಕೊಳ್ಳುವುದು ಮದ್ದಲ್ಲ. ಈಗೀಗ ಕೆಲವರು ಹಿಡಿದ ದಾರಿ ಅದು. ಸಂಘ ಬೇಡ, ಟ್ರಸ್ಟ್ ಮಾಡೋಣ ಎನ್ನುತ್ತಾರೆ. ಟ್ರಸ್ಟಿನಲ್ಲಿ ಸದಸ್ಯರಿಲ್ಲ, ಮಹಾಸಭೆಯಿಲ್ಲ, ಚುನಾವಣೆಯ ಕಿರಿಕಿರಿಯಿಲ್ಲ. ಪತ್ರದಲ್ಲಿ ಹಾಗೆಂದು ಬರೆದರೆ ಸಾಯುವ ತನಕ ಟ್ರಸ್ಟಿ, ಆಮೇಲೆ ಮಗ. ಒಳ್ಳೆಯ ಟ್ರಸ್ಟುಗಳಿವೆ, ನಿಜ. ಆದರೆ ಊರಿನ ಹಣದಿಂದ ನಡೆಯುವುದನ್ನು ಊರಿನವರ ಪ್ರಶ್ನೆಯಿಂದ ತಪ್ಪಿಸಲೆಂದೇ ಟ್ರಸ್ಟ್ ಮಾಡಿದರೆ ಅದು ಸೇವೆಯಲ್ಲ, ಸ್ವತ್ತು. ಹಾಗೆಂದು ನಾನು ಖಚಿತವಾಗಿಯೇ ಹೇಳುತ್ತೇನೆ.

ಅಧ್ಯಕ್ಷರ ದೊಡ್ಡತನವನ್ನು ನಾವು ಅವರು ಎಷ್ಟು ವರ್ಷ ಇದ್ದರು ಎಂಬುದರಲ್ಲಿ ಅಳೆಯುತ್ತೇವೆ. ‘ಸತತ ಇಪ್ಪತ್ತೈದು ವರ್ಷಗಳಿಂದ ಅಧ್ಯಕ್ಷರಾಗಿ’ ಎಂದು ಪರಿಚಯಿಸುವಾಗ ಚಪ್ಪಾಳೆ ಬೀಳುತ್ತದೆ. ಇಪ್ಪತ್ತೈದು ವರ್ಷದಲ್ಲಿ ತನ್ನ ಜಾಗಕ್ಕೆ ಒಬ್ಬನನ್ನೂ ತಯಾರು ಮಾಡಲಿಲ್ಲ ಎಂದೂ ಅದರ ಅರ್ಥವಾಗಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಅವಧಿ ಮುಗಿದ ದಿನ ಬೀಗದ ಕೈ, ಪಾಸ್ ಪುಸ್ತಕ, ಠರಾವು ಪುಸ್ತಕವನ್ನು ಮೇಜಿನ ಮೇಲಿಟ್ಟು, ಮರು ವರ್ಷದ ಸಭೆಗೆ ಮಾಮೂಲಿ ಸದಸ್ಯನಾಗಿ ಬಂದು ಬೆಂಚಿನಲ್ಲಿ ಕೂರುವ ಅಧ್ಯಕ್ಷರು ನಮ್ಮಲ್ಲಿ ಇಲ್ಲವೆಂದಲ್ಲ. ಅವರಿಗೆ ಸನ್ಮಾನ ಮಾಡಿದ್ದನ್ನು ಮಾತ್ರ ನಾನು ಕಂಡಿಲ್ಲ.

ಹಾಗಾಗಿ ನಿಮ್ಮಲ್ಲಿ ಒಂದು ವಿನಂತಿ. ಈ ಸಲ ಮಹಾಸಭೆಯ ನೋಟೀಸು ಬಂದಾಗ ಹೋಗಿ. ಲೆಕ್ಕಪತ್ರದ ಪ್ರತಿಯನ್ನು ಹಿಂದಿನ ದಿನವೇ ಕೇಳಿ ತರಿಸಿಕೊಳ್ಳಿ. ಕೊಡಲಿಲ್ಲವೆಂದರೆ ಜಗಳ ಮಾಡಬೇಡಿ. 1860ರ ಕಾಯ್ದೆಯ 19ನೇ ಕಲಮಿನ ಪ್ರಕಾರ, ರಿಜಿಸ್ಟ್ರಾರರಿಗೆ ಒಪ್ಪಿಸಿದ ಯಾವ ಸಂಘದ ಕಾಗದಪತ್ರವನ್ನಾದರೂ ಯಾರು ಬೇಕಾದರೂ ನೋಡಬಹುದು, ಸದಸ್ಯನೇ ಆಗಿರಬೇಕೆಂದಿಲ್ಲ. ಅದಕ್ಕೆ ಕಾಯ್ದೆಯಲ್ಲಿ ಬರೆದಿರುವ ಶುಲ್ಕ ಒಂದು ರೂಪಾಯಿ.